ವಿಮಾನವನ್ನು ಎಡಕ್ಕೆ ತಿರುಗಿಸಿದರೆ ಮೂಗು ಬಲಕ್ಕೆ ಎಳೆಯುವುದು ಯಾಕೆ?

ಸೆಸ್ನಾ 172 ಎಂಬ ಸಣ್ಣ ವಿಮಾನದಲ್ಲಿ ಎಡಕ್ಕೆ ಬ್ಯಾಂಕ್ ಮಾಡಿದ (ರೆಕ್ಕೆ ವಾಲಿಸಿದ) ಕೂಡಲೇ ಮೂಗು ಬಲಕ್ಕೆ ಎಳೆಯುತ್ತದೆ, ಬಾಲ್ (ವಿಮಾನ ಪಕ್ಕಕ್ಕೆ ಜಾರುವುದನ್ನು ತೋರಿಸುವ ಉಪಕರಣದ ಗುಂಡು) ಎಡಕ್ಕೆ ಸರಿಯುತ್ತದೆ ಅಂದಿದ್ದೀರಿ. ಬಹುಶಃ ನೀವು ರಡ್ಡರ್ (ಕಾಲಿನ ಪೆಡಲ್‌ನಿಂದ ತಿರುಗಿಸುವ, ಬಾಲದ ಚುಕ್ಕಾಣಿ) ತಡವಾಗಿ ಒತ್ತುತ್ತಿದ್ದೀರಿ, ಇಲ್ಲವೇ ಒತ್ತುತ್ತಲೇ ಇಲ್ಲ. ಯೋಕ್ (ಕೈಯಲ್ಲಿ ಹಿಡಿಯುವ ಸ್ಟಿಯರಿಂಗ್) ಎಡಕ್ಕೆ ಹೋದಾಗ ಬಲ ರೆಕ್ಕೆಯ ಏಲೆರಾನ್ (ರೆಕ್ಕೆಯ ಹಿಂಬದಿ ಅಂಚಿನ ಬಾಗುವ ಪಟ್ಟಿ) ಕೆಳಗೆ ಬಾಗುತ್ತದೆ, ಆ ರೆಕ್ಕೆಗೆ ಲಿಫ್ಟ್ (ಮೇಲೆತ್ತುವ ಬಲ) ಜಾಸ್ತಿ ಸಿಗುತ್ತದೆ, ಜೊತೆಗೆ ಡ್ರ್ಯಾಗ್ (ಗಾಳಿಯ ತಡೆ) ಕೂಡ ಜಾಸ್ತಿಯಾಗಿ ಮೂಗನ್ನು ತನ್ನ ಕಡೆಗೇ ಎಳೆದುಕೊಳ್ಳುತ್ತದೆ. ಏಲೆರಾನ್ ಮೇಲಕ್ಕೆ 20 ಡಿಗ್ರಿ, ಕೆಳಕ್ಕೆ 15 ಡಿಗ್ರಿ ಮಾತ್ರ ಬಾಗುವಂತೆ ಮಾಡಿರುವುದು ಇದನ್ನು ಕಮ್ಮಿ ಮಾಡಲಿಕ್ಕೇ, ಆದರೆ ಪೂರ್ತಿ ಹೋಗುವುದಿಲ್ಲ.

ಮೊದಲು ಯೋಕ್ ಮತ್ತು ಎಡ ಪೆಡಲ್ ಒಟ್ಟಿಗೇ ಕೊಡಿ. ಬೇಕಾದಷ್ಟು ಬ್ಯಾಂಕ್ ಬಂದ ಮೇಲೆ ಯೋಕ್ ನಡುವಿಗೆ ತನ್ನಿ, ಪೆಡಲ್ ಸಡಿಲಿಸಿ. ನೇರಕ್ಕೆ ಬರುವಾಗ ಬಲ ಯೋಕ್, ಬಲ ಪೆಡಲ್. ಈ ಅರ್ಧವನ್ನೇ ಎಲ್ಲರೂ ಮರೆಯುವುದು! ಬಾಲ್ ಯಾವ ಕಡೆಗಿದೆಯೋ ಆ ಕಾಲು ಒತ್ತಿ, ಆದರೆ ಸುಮ್ನೆ ಅದನ್ನೇ ದಿಟ್ಟಿಸಬೇಡಿ. ಇನ್‌ಸ್ಟ್ರಕ್ಟರ್ ಜೊತೆ ಸಾಕಷ್ಟು ಎತ್ತರದಲ್ಲಿ, ದೂರದ ಒಂದು ಗುಡ್ಡಕ್ಕೆ ಮೂಗು ನೆಟ್ಟು, ಅದು ಅಲುಗದಂತೆ ಎಡಕ್ಕೂ ಬಲಕ್ಕೂ ಬ್ಯಾಂಕ್ ಮಾಡಿ ನೋಡಿ.

ಕ್ರೂಸ್‌ನಲ್ಲಿ (ಒಂದೇ ಎತ್ತರದಲ್ಲಿ ನೇರವಾಗಿ ಹಾರುವಾಗ) ರೆಕ್ಕೆ ಸಮ ಇದ್ದಾಗಲೂ ಬಾಲ್ ಪಕ್ಕಕ್ಕೇ ಇದ್ದರೆ ರಡ್ಡರ್‌ನ ಟ್ರಿಮ್ ಟ್ಯಾಬ್ (ಅದರ ಅಂಚಿನ ಸಣ್ಣ ಹೊಂದಾಣಿಕೆ ತಗಡು) ಕಾರಣ ಇರಬಹುದು. ಅದನ್ನು ನೀವೇ ಬಗ್ಗಿಸಲು ಹೋಗಬೇಡಿ, ಮೆಕ್ಯಾನಿಕ್‌ಗೆ ಹೇಳಿ.