ಪೊರಕೆ ಕೆಳಗಿಡಿ

ಶಿರಸಿಯ ಓದುಗರೊಬ್ಬರ ಪತ್ರ: "ಪಕ್ಕದ ಮನೆಯಲ್ಲಿ ಕಿಟಕಿ ಗಾಜು ಒಡೆದು ಕಳ್ಳತನ ಮಾಡಿದರು. ಪಾಪ, ಅಜ್ಜಿ ಒಬ್ಬರೇ ಇರುವ ಮನೆ. ನಾವು ನಾಲ್ಕಾರು ಜನ ಹೋಗಿ ಗಾಜು ಗುಡಿಸಿ, ಬಟ್ಟೆಬರೆ ಎತ್ತಿಟ್ಟು ಧೈರ್ಯ ಹೇಳಿದೆವು. ಆಮೇಲೆ ಬಂದ ಬೆರಳಚ್ಚು ತಜ್ಞರು ಏನೂ ಸಿಗಲಿಲ್ಲ ಎಂದು ಹೊರಟರು. ಜಿಲ್ಲೆಗೊಂದು ಡಿಎನ್‌ಎ ಲ್ಯಾಬ್ ಇದ್ದಿದ್ದರೆ ಕಳ್ಳ ಸಿಗುತ್ತಿದ್ದನಲ್ಲವೇ?"

ನಿಮ್ಮದು ಒಳ್ಳೆ ಮನಸ್ಸು. ಆದರೂ ಒಂದು ಮಾತು, ಬೇಜಾರು ಮಾಡ್ಕೋಬೇಡಿ. ಕಳ್ಳನ ಗುರುತು ನಿಮ್ಮ ಮೊರದಲ್ಲೇ ತಿಪ್ಪೆಗೆ ಹೋಯಿತು.

ಫ್ರಾನ್ಸಿನ ಲಿಯಾನ್‌ನಲ್ಲಿ ಎಡ್ಮಂಡ್ ಲೊಕಾರ್ಡ್ 1910ರಲ್ಲಿ ಪೊಲೀಸ್ ಪ್ರಯೋಗಾಲಯ ಶುರು ಮಾಡಿದರು. ಸಿಕ್ಕ ಜಾಗ ಕೋರ್ಟ್ ಕಟ್ಟಡದ ಅಟ್ಟ. ಅವರು ಹೇಳಿದ್ದರ ಸಾರ ಇಷ್ಟೇ: ಒಂದು ಜಾಗಕ್ಕೆ ಕಾಲಿಟ್ಟವನು ಏನನ್ನಾದರೂ ಬಿಟ್ಟು ಹೋಗುತ್ತಾನೆ, ಏನನ್ನಾದರೂ ಅಂಟಿಸಿಕೊಂಡು ಹೋಗುತ್ತಾನೆ. ನಿಮ್ಮ ಗಾಜನ್ನೇ ನೋಡಿ. ಒಡೆದಾಗ ಚೂರೆಲ್ಲ ಒಳಗೇ ಬೀಳುವುದಿಲ್ಲ. ಸಣ್ಣ ಸಣ್ಣ ಹರಳು ಒಡೆದವನ ಕಡೆಗೂ ಸಿಡಿದು ಅಂಗಿಗೆ ಸಿಕ್ಕಿಕೊಳ್ಳುತ್ತವೆ. ನಾಳೆ ಯಾರದೋ ಅಂಗಿಯಲ್ಲಿ ಅಂಥ ಹರಳು ಸಿಕ್ಕಿತು ಅನ್ನಿ. ಹೋಲಿಸಿ ನೋಡಲು ಆ ಕಿಟಕಿಯ ಗಾಜು ಬೇಕಲ್ವಾ?

ಲ್ಯಾಬ್ ಬೇಕು, ಒಪ್ಪಿದೆ. ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಕೇಂದ್ರವಾದ ಸಿಸಿಎಂಬಿಯಲ್ಲಿ ವಿಜ್ಞಾನಿ ಲಾಲ್‌ಜಿ ಸಿಂಗ್ ಅವರು ಡಿಎನ್‌ಎ ಬೆರಳಚ್ಚನ್ನು, ಅಂದರೆ ರಕ್ತದಂಥ ಗುರುತಿನಲ್ಲಿರುವ ಡಿಎನ್‌ಎ ನೋಡಿ ಅದು ಯಾರದೆಂದು ಪತ್ತೆ ಮಾಡುವ ವಿಧಾನವನ್ನು, ನಮ್ಮ ದೇಶದಲ್ಲಿ ಬೆಳೆಸಿದ್ದು ಸಣ್ಣ ಕೆಲಸವಲ್ಲ. ಆದರೆ ಲ್ಯಾಬಿನವರು ಕಳಿಸಿದ್ದನ್ನು ತಾನೇ ನೋಡಬೇಕು? ರಕ್ತ ಹತ್ತಿದ ಹಸಿ ಅಂಗಿಯನ್ನು ಪ್ಲಾಸ್ಟಿಕ್ ಕವರಿಗೆ ತುರುಕಿದರೆ ಒಳಗೇ ಬೂಸ್ಟು ಹಿಡಿದು ಡಿಎನ್‌ಎ ಹಾಳಾಗುತ್ತದೆ. ನೆರಳಲ್ಲಿ ಒಣಗಿಸಿ ಕಾಗದದ ಕವರಿನಲ್ಲಿಡಬೇಕು. ಒಂದೊಂದು ವಸ್ತುವಿಗೆ ಒಂದೊಂದು ಕವರು, ಸೀಲು, ಸಹಿ.

ಬಂಗಾಳದ ಜಲಪಾಯ್‌ಗುರಿಯಲ್ಲಿ ಟೀ ತೋಟದ ಮ್ಯಾನೇಜರನ ಕೊಲೆಯಾಗಿತ್ತು. ಅಲ್ಲಿದ್ದ ಪಂಚಾಂಗದ ಮೇಲೆ ರಕ್ತದ ಹೆಬ್ಬೆರಳ ಗುರುತು. ಹಳೇ ಕಳ್ಳತನವೊಂದರಲ್ಲಿ ಶಿಕ್ಷೆಯಾಗಿದ್ದ ಮಾಜಿ ಆಳಿನ ಬೆರಳಚ್ಚು ಕಲ್ಕತ್ತೆಯ ಕಡತದಲ್ಲಿತ್ತು, ಎರಡೂ ತಾಳೆಯಾದವು. 1898ರ ಆ ತೀರ್ಪಿನಲ್ಲಿ ಕೊಲೆ ಆರೋಪ ನಿಲ್ಲಲಿಲ್ಲ, ಮ್ಯಾನೇಜರನ ಮನೆಯಲ್ಲಿ ಮಾಡಿದ ಕಳ್ಳತನಕ್ಕೆ ಶಿಕ್ಷೆಯಾಯಿತು. ಯಾವ ದೊಡ್ಡ ಯಂತ್ರವಿತ್ತು ಆಗ? ಪಂಚಾಂಗವನ್ನು ಯಾರೂ ಒರೆಸಿರಲಿಲ್ಲ, ಅಷ್ಟೇ.

2008ರ ನೋಯ್ಡಾದ ಆರುಷಿ ಜೋಡಿ ಕೊಲೆ ನೆನಪಿರಬೇಕು. ಹುಡುಗಿಯ ಶವ ಸಿಕ್ಕ ದಿನ ಮನೆ ತುಂಬ ಜನವೋ ಜನ. ತಾರಸಿ ಬಾಗಿಲಿನ ಬೀಗ ತೆಗೆಸಲೇ ಇಲ್ಲ. ಮನೆಯ ಕೆಲಸದವನ ಶವ ಅಲ್ಲೇ ಇತ್ತು, ಸಿಕ್ಕಿದ್ದು ಮರುದಿನ. ಕಳೆದ ಆ ಒಂದು ದಿನವನ್ನು ಆಮೇಲೆ ಯಾವ ತನಿಖೆಯೂ ವಾಪಸ್ ತರಲಾಗಲಿಲ್ಲ.

ನಮ್ಮ ಟಿವಿಯವರಿಗೆ ಮಾತ್ರ ಸ್ಥಳದ ಗುರುತು ಕಾಪಾಡುವ ಈ ಮಾತು ಬೇಡ. ಅವರಿಗೆ ಔಷಧಿ ಕೊಟ್ಟು ಮಂಪರಿನಲ್ಲಿ ಬಾಯಿ ಬಿಡಿಸುವ ಮಂಪರು ಪರೀಕ್ಷೆ ಬೇಕು. ಒಪ್ಪಿಗೆ ಇಲ್ಲದೆ ಅದನ್ನು ಮಾಡಕೂಡದು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತು, ಅದೂ ಕರ್ನಾಟಕದಿಂದ ಹೋದ ಸೆಲ್ವಿ ಪ್ರಕರಣದಲ್ಲಿ. ಆದರೂ ಪ್ರತಿ ಕೊಲೆಗೂ ಅದೇ ಕೂಗು. ನೆಲದ ಮೇಲಿನ ಹೆಜ್ಜೆ ಗುರುತನ್ನು ತುಳಿದುಕೊಂಡೇ ಮೈಕು ಹಿಡಿಯುತ್ತಾರೆ.

2024ರ ಜುಲೈ 1ರಿಂದ ಬಂದ ಹೊಸ ಕಾನೂನಿನ ಪ್ರಕಾರ, ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷ ಸಮಯವಿದೆ. ಸಂತೋಷ. ಆದರೆ ತಜ್ಞರ ವ್ಯಾನು ಬರುವ ತನಕ ಬಾಗಿಲಲ್ಲಿ ನಿಲ್ಲುವವನು ಠಾಣೆಯ ಪೇದೆ. ಅವನ ಕೈಗೆ ಒಂದು ಹಗ್ಗ, ಕೈಗವಸು, ಹತ್ತು ಕಾಗದದ ಕವರು ಕೊಡಿ. ಶಾಸಕರು ಬಂದರೂ "ಒಳಗೆ ಬಿಡಲ್ಲ ಸಾರ್" ಎನ್ನುವ ಅಧಿಕಾರ ಕೊಡಿ. ನನ್ನ ಬೇಡಿಕೆ ಅದು. ಜಿಲ್ಲೆಯ ಲ್ಯಾಬ್ ಆಮೇಲೆ ಬರಲಿ.

– ಸಂಪಾದಕ