ಯಾಟ್ ನಡೆಸೋದು ಒಂದು ಕೆಲಸ, ಡೈವಿಂಗ್ ಇನ್ನೊಂದು: ಕೆರಿಬಿಯನ್ ಪ್ರವಾಸದ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿರುವ ಎರಡು ಕನ್ನಡ ಕುಟುಂಬಗಳು. ನಾಲ್ಕು ಜನ ದೊಡ್ಡವರು, 9 ಮತ್ತು 13 ವರ್ಷದ ಇಬ್ಬರು ಮಕ್ಕಳು. ಕ್ರಿಸ್‌ಮಸ್ ರಜೆಯಲ್ಲಿ ಬ್ರಿಟಿಷ್ ವರ್ಜಿನ್ ದ್ವೀಪಗಳಲ್ಲಿ ಒಂದು ವಾರ ಯಾಟ್ ಬಾಡಿಗೆಗೆ ತೆಗೆದುಕೊಳ್ಳಬೇಕು ಅಂತಿದ್ದೇವೆ. ಊರಿಗೆ ಬಂದಾಗ ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ನಾನು ಓಪನ್ ವಾಟರ್ ಅನ್ನೋ ಮೊದಲ ಹಂತದ ಸ್ಕೂಬಾ ಡೈವಿಂಗ್ ಕೋರ್ಸ್ ಮುಗಿಸಿದ್ದೇನೆ. ಉಳಿದವರಿಗೆ ಡೈವಿಂಗ್ ಬರಲ್ಲ. ನನ್ನ ಹೆಂಡತಿಗೆ ಈಜೂ ಬರಲ್ಲ. ಗೆಳೆಯ ಕೆರೆಯಲ್ಲಿ ಸಣ್ಣ ಹಾಯಿದೋಣಿ ನಡೆಸಿದ್ದಾನೆ. ಕ್ಯಾಪ್ಟನ್ ಇಲ್ಲದೆ ನಾವೇ ಯಾಟ್ ನಡೆಸಿದರೆ ದುಡ್ಡು ಉಳಿಯುತ್ತೆ ಅಲ್ವಾ? ಇನ್ನೊಂದು ಮಾತು, ಎಲ್ಲರೂ ಸಸ್ಯಾಹಾರಿಗಳು.

ಉತ್ತರ: ಜಾಗದ ಆಯ್ಕೆ ತುಂಬಾ ಚೆನ್ನಾಗಿದೆ. ಕ್ಯಾಪ್ಟನ್ ಬೇಡ ಅನ್ನೋದನ್ನು ಮಾತ್ರ ಕೈಬಿಡಿ.

ಕ್ಯಾಪ್ಟನ್ ಇಲ್ಲದೆ ಕೊಡುವ ದೋಣಿಗೆ ಬೇರ್‌ಬೋಟ್ ಅಂತಾರೆ. ಅದನ್ನು ಕೊಡುವ ಮೊದಲು ಕಂಪನಿಯವರು ನಿಮ್ಮ ಗೆಳೆಯರ ಸೈಲಿಂಗ್ ಅನುಭವವನ್ನು ಬರೆದು ಕೊಡಲು ಕೇಳುತ್ತಾರೆ. ಎಷ್ಟು ಉದ್ದದ ದೋಣಿ, ಎಲ್ಲಿ ನಡೆಸಿದ್ದು, ರಾತ್ರಿ ಲಂಗರು ಹಾಕಿ ಗೊತ್ತಾ, ಹೀಗೆ. ಕೆರೆಯ ಅನುಭವದ ಮೇಲೆ 40 ಅಡಿಯ ಕ್ಯಾಟಮರಾನ್, ಅಂದರೆ ಎರಡು ಒಡಲಿನ ಹಾಯಿದೋಣಿ, ಸಿಗೋದು ಕಷ್ಟ. ಸಿಕ್ಕಿದರೂ ಆ ವಾರವಿಡೀ ನಿಮ್ಮ ಗೆಳೆಯರಿಗೆ ರಜೆ ಇರಲ್ಲ. ಗಾಳಿ ತಿರುಗಿತಾ, ಲಂಗರು ಜಾರಿತಾ, ಕತ್ತಲಾಗುವ ಮೊದಲು ಜಾಗ ಸಿಗುತ್ತಾ ಅನ್ನೋ ಚಿಂತೆಯಲ್ಲೇ ದಿನ ಕಳೆಯುತ್ತಾರೆ.

ಡೈವಿಂಗ್ ವಿಷಯವಂತೂ ಇನ್ನೂ ಕಷ್ಟ. ನಿಮ್ಮ ಗುಂಪಿನಲ್ಲಿ ಡೈವರ್ ನೀವೊಬ್ಬರೇ. ಜೊತೆಗಾರ ಇಲ್ಲದೆ ನೀವು ನೀರಿಗೆ ಇಳಿಯುವ ಹಾಗಿಲ್ಲ. ಸಿಲಿಂಡರ್ ಬಾಡಿಗೆಗೆ ತಂದುಕೊಂಡರೂ ಅದನ್ನು ಮತ್ತೆ ತುಂಬಿಸಲು ಅಂಗಡಿ ಹುಡುಕಿಕೊಂಡು ದಾರಿ ಬದಲಿಸಬೇಕು. ನೀವು ಕೆಳಗೆ ಇರುವಾಗ ಮೇಲೆ ದೋಣಿ ಗೊತ್ತಿರುವವರು ಒಬ್ಬರು ಇರಲೇಬೇಕು. ಅದಕ್ಕೇ ನಾನು ಹೇಳೋದು, ದೋಣಿಯ ಜವಾಬ್ದಾರಿ ಕ್ಯಾಪ್ಟನ್‌ಗೆ ಬಿಡಿ, ಡೈವಿಂಗ್ ಜವಾಬ್ದಾರಿ ಅಲ್ಲಿನ ಡೈವ್ ಅಂಗಡಿಗೆ ಬಿಡಿ.

ಈ ದ್ವೀಪಗಳಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಹಿಂದಿನ ದಿನ ಡೈವ್ ಅಂಗಡಿಗೆ ಫೋನ್ ಮಾಡಿ ನೀವು ಎಲ್ಲಿ ನಿಂತಿದ್ದೀರಿ ಅಂತ ಹೇಳಿದರೆ ಸಾಕು. ಬೆಳಿಗ್ಗೆ ಅವರ ಡೈವ್ ಬೋಟ್ ನಿಮ್ಮ ಯಾಟ್ ಪಕ್ಕಕ್ಕೇ ಬರುತ್ತದೆ. ಸಿಲಿಂಡರ್, ಜಾಕೆಟ್, ರೆಗ್ಯುಲೇಟರ್, ಗೈಡ್ ಎಲ್ಲಾ ಅವರದ್ದೇ. ಡೈವ್ ಮುಗಿದ ಮೇಲೆ ವಾಪಸ್ ತಂದು ಬಿಡುತ್ತಾರೆ. ಇದಕ್ಕೆ ರಾಂಡೆವೂ ಡೈವಿಂಗ್ ಅನ್ನುತ್ತಾರೆ. ಅಷ್ಟರಲ್ಲಿ ಉಳಿದವರು ಮಾಸ್ಕ್, ಉಸಿರಾಟದ ಕೊಳವೆ ಹಾಕಿ ನೀರಿನ ಮೇಲೇ ತೇಲುತ್ತಾ ಸ್ನಾರ್ಕೆಲಿಂಗ್ ಮಾಡಿಕೊಂಡು ಆರಾಮಾಗಿರಬಹುದು.

ದೋಣಿ ಆರಿಸುವಾಗ ಕ್ಯಾಟಮರಾನ್ ಕೇಳಿ, ನಾಲ್ಕು ಕ್ಯಾಬಿನ್ ಇರುವಂಥದ್ದು. ಮೂರು ನಿಮಗೆ, ಒಂದು ಕ್ಯಾಪ್ಟನ್‌ಗೆ. ಈ ಕ್ಯಾಪ್ಟನ್ ಕ್ಯಾಬಿನ್ ವಿಷಯ ಎಷ್ಟೋ ಜನ ಬುಕ್ ಮಾಡಿದ ಮೇಲೆ ನೆನಪಿಸಿಕೊಳ್ಳುತ್ತಾರೆ. ಅವರ ಊಟವೂ ಸಾಮಾನ್ಯವಾಗಿ ನಿಮ್ಮ ಖರ್ಚಿನಲ್ಲೇ. ಕ್ಯಾಟಮರಾನ್ ಒಂದು ಕಡೆಗೆ ವಾಲಿಕೊಂಡು ಓಡಲ್ಲ, ಹಿಂದೆ ಎರಡೂ ಕಡೆ ನೀರಿಗೆ ಇಳಿಯಲು ಮೆಟ್ಟಿಲು ಇರುತ್ತವೆ. ಈಜು ಬರದವರಿಗೆ ಆ ಮೆಟ್ಟಿಲು ದೊಡ್ಡ ಧೈರ್ಯ. ಸಮುದ್ರದಲ್ಲಿ ತಲೆ ಸುತ್ತುವವರು ಇದ್ದರೆ ವೈದ್ಯರನ್ನು ಕೇಳಿ ಮಾತ್ರೆ ಇಟ್ಟುಕೊಳ್ಳಿ. ವಾಂತಿ ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ.

ಇನ್ನು ಸಮಯ. ಕ್ರಿಸ್‌ಮಸ್ ವಾರ ಬಾಡಿಗೆ ಅತಿ ಹೆಚ್ಚು. ಅದು ಹೋಗಲಿ, ನೀರೂ ನಿಮ್ಮ ಗುಂಪಿಗೆ ಹೊಂದಲ್ಲ. ಪೂರ್ವದಿಂದ ಬೀಸುವ ವಾಣಿಜ್ಯ ಮಾರುತ ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ಜೋರಾಗುತ್ತದೆ. ಅಲ್ಲಿನವರು ಅದಕ್ಕೆ ಕ್ರಿಸ್‌ಮಸ್ ವಿಂಡ್ಸ್ ಅಂತಲೇ ಕರೆಯುತ್ತಾರೆ. ಜೊತೆಗೆ ಚಳಿಗಾಲದಲ್ಲಿ ದೂರದ ಉತ್ತರ ಅಟ್ಲಾಂಟಿಕ್ ಬಿರುಗಾಳಿಗಳ ಅಲೆಗಳು ಉತ್ತರದ ತೀರಗಳಿಗೆ ಬಂದು ಬಡಿಯುತ್ತವೆ. ಆಗ ವರ್ಜಿನ್ ಗೋರ್ಡಾ ದ್ವೀಪದ ಹೆಸರಾಂತ ಬಂಡೆಗಳ ತೀರ ಬಾತ್ಸ್‌ನಂಥ ಜಾಗಕ್ಕೆ ದೋಣಿಯಿಂದ ಇಳಿಯೋದೇ ಆಗದೆ ಹೋಗಬಹುದು. ಮಕ್ಕಳ ಏಪ್ರಿಲ್ ರಜೆಗೆ ಹೋಗಿ. ಗಾಳಿಯ ಜೋರು ಸ್ವಲ್ಪ ಇಳಿದಿರುತ್ತದೆ, ನೀರು 26 ಡಿಗ್ರಿಯ ಆಸುಪಾಸು ಇರುತ್ತದೆ. ಶಾಲೆಯ ಕಟ್ಟು ಇಲ್ಲದವರಿಗೆ ಮೇ ಇನ್ನೂ ಒಳ್ಳೆಯದು, ಬಾಡಿಗೆಯೂ ಇಳಿದಿರುತ್ತದೆ. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಆ ಕಡೆ ತಲೆ ಹಾಕಲೇಬೇಡಿ. 2017ರ ಸೆಪ್ಟೆಂಬರ್ 6ರಂದು ಇರ್ಮಾ ಇದೇ ದ್ವೀಪಗಳನ್ನು ನುಜ್ಜುಗುಜ್ಜು ಮಾಡಿತ್ತು.

ದಾರಿಯನ್ನು ದ್ವೀಪಗಳ ಸಂಖ್ಯೆ ನೋಡಿ ಹಾಕಬೇಡಿ, ನೀರಿನಲ್ಲಿ ಸಿಗುವ ಹೊತ್ತು ನೋಡಿ ಹಾಕಿ. ಟೋರ್ಟೋಲಾದ ರೋಡ್ ಟೌನ್‌ನಿಂದ ಹೊರಟರೆ ಮೊದಲ ರಾತ್ರಿ ನಾರ್ಮನ್ ದ್ವೀಪ. ಅದರ ಪಕ್ಕದಲ್ಲೇ ಇಂಡಿಯನ್ಸ್ ಅನ್ನುವ ಬಂಡೆಗಳು ನೀರಿನಿಂದ ಮೇಲೆದ್ದಿವೆ. ನಿಮ್ಮ 13 ವರ್ಷದ ಮಗುವಿಗೆ ಇದಕ್ಕಿಂತ ಒಳ್ಳೆಯ ಸ್ನಾರ್ಕೆಲಿಂಗ್ ಜಾಗ ಆ ವಾರದಲ್ಲಿ ಬೇರೆ ಸಿಗಲಿಕ್ಕಿಲ್ಲ. ಅಲ್ಲಿ ಲಂಗರು ಹಾಕುವ ಹಾಗಿಲ್ಲ, ನ್ಯಾಷನಲ್ ಪಾರ್ಕ್ಸ್ ಟ್ರಸ್ಟ್ ಸಮುದ್ರದ ತಳಕ್ಕೆ ಬಿಗಿದು ತೇಲಿಬಿಟ್ಟಿರುವ ಗುಂಡಿಗೆ, ಅಂದರೆ ಮೂರಿಂಗ್ ಬಾಲ್‌ಗೇ ದೋಣಿ ಕಟ್ಟಬೇಕು. ಅದಕ್ಕೆ ಪರವಾನಗಿ ಬೇಕು, ಕಂಪನಿಯವರೇ ಮಾಡಿಸಿಕೊಡುತ್ತಾರೆ. ಒಂದು ದೋಣಿಗೆ 90 ನಿಮಿಷ ಮಾತ್ರ, ರಾತ್ರಿ ಉಳಿಯುವಂತಿಲ್ಲ. ಒಂಬತ್ತು ಗಂಟೆ ದಾಟಿದರೆ ಒಂದು ಬಾಲೂ ಖಾಲಿ ಇಲ್ಲದೆ ಸುತ್ತು ಹಾಕಬೇಕಾದೀತು. ಹಾಗಾಗಿ ತಿಂಡಿ ಆಮೇಲೆ, ಮೊದಲು ಹೊರಡಿ.

ಎರಡನೇ ದಿನ ಸಾಲ್ಟ್ ದ್ವೀಪ. ಇದು ನಿಮ್ಮ ಡೈವ್. ರೋನ್ ಎಂಬ ಬ್ರಿಟಿಷ್ ಅಂಚೆ ಹಡಗು 1867ರ ಅಕ್ಟೋಬರ್ 29ರಂದು ಚಂಡಮಾರುತಕ್ಕೆ ಸಿಕ್ಕಿ ಇಲ್ಲಿ ಮುಳುಗಿತು. 310 ಅಡಿ ಉದ್ದದ ಹಡಗು. ಬಿರುಗಾಳಿ ನಡುವೆ ಸ್ವಲ್ಪ ತಣ್ಣಗಾದಾಗ ಕ್ಯಾಪ್ಟನ್ ತೆರೆದ ಸಮುದ್ರಕ್ಕೆ ಹೋಗಲು ನೋಡಿದರು. ಗಾಳಿ ಎದುರು ದಿಕ್ಕಿನಿಂದ ತಿರುಗಿ ಬಂದು ಹಡಗನ್ನು ಬಂಡೆಗೆ ಎಸೆಯಿತು. ಕಾದ ಬಾಯ್ಲರ್‌ಗೆ ತಣ್ಣೀರು ನುಗ್ಗಿ ಸ್ಫೋಟವಾಗಿ ಹಡಗು ಎರಡು ಭಾಗವಾಯಿತು. ಆ ಎರಡು ಭಾಗದಿಂದಲೇ ಇಂದು ಡೈವರ್‌ಗಳಿಗೆ ಎರಡು ಬೇರೆ ಬೇರೆ ಡೈವ್ ಸಿಗುತ್ತವೆ. ಮುಂಭಾಗ ಸುಮಾರು 80 ಅಡಿ ಆಳದಲ್ಲಿದೆ. ನಿಮ್ಮ ಓಪನ್ ವಾಟರ್ ಕಾರ್ಡಿನ ಮಿತಿ 60 ಅಡಿ. ಅಡ್ವಾನ್ಸ್‌ಡ್ ಕೋರ್ಸ್ ಮಾಡುವವರೆಗೆ ಅದನ್ನು ಬಿಡಿ. ಹಿಂಭಾಗ ಆಳ ಕಡಿಮೆ, ನೀವು ನೋಡಬೇಕಾದ್ದು ಅದು. ದೊಡ್ಡ ಕಂಚಿನ ಪ್ರೊಪೆಲ್ಲರ್ ಅರ್ಧ ಬಂಡೆಗೆ ಒರಗಿದೆ. ಲೋಹದ ಮೇಲೆಲ್ಲಾ ಹವಳ, ಸ್ಪಂಜು ಬೆಳೆದಿವೆ. ಒಂದು ದುಂಡು ಕಿಟಕಿಯ ಹಿತ್ತಾಳೆ ಚೌಕಟ್ಟು ಮಾತ್ರ ಹೊಳೆಯುತ್ತಾ ಇರುತ್ತದೆ. ಅದನ್ನು ಮುಟ್ಟಿದರೆ ಅದೃಷ್ಟ ಅಂತ ಬಂದ ಡೈವರ್‌ಗಳೆಲ್ಲಾ ಉಜ್ಜಿ ಉಜ್ಜಿ ಹಾಗಾಗಿದೆ. ಅದೊಂದನ್ನು ಬಿಟ್ಟು ಬೇರೆ ಏನನ್ನೂ ಮುಟ್ಟಬೇಡಿ, ಚೂರನ್ನೂ ಎತ್ತಿಕೊಳ್ಳಬೇಡಿ. ಆ ದಿನ ಸತ್ತವರಲ್ಲಿ ಕೆಲವರನ್ನು ಸಾಲ್ಟ್ ದ್ವೀಪದಲ್ಲೇ ಮಣ್ಣು ಮಾಡಿದ್ದಾರೆ. ನೀರು ತಿಳಿಯಾಗಿದ್ದ ದಿನ ಹಿಂಭಾಗ ಮೇಲಿನಿಂದ ಸ್ನಾರ್ಕೆಲ್ ಮಾಡುವವರಿಗೂ ಕಾಣುತ್ತದೆ.

ಅಲ್ಲಿಂದ ಕೂಪರ್ ದ್ವೀಪ, ವರ್ಜಿನ್ ಗೋರ್ಡಾ, ಡಾಗ್ಸ್ ದ್ವೀಪಗಳು. ವಾಪಸ್ ಬರುವಾಗ ಗ್ವಾನಾ ದ್ವೀಪದ ಮಂಕಿ ಪಾಯಿಂಟ್. ಅನೆಗಾಡಾಕ್ಕೆ ಹೋಗಬೇಕೋ ಬೇಡವೋ ಅನ್ನೋದನ್ನು ಕ್ಯಾಪ್ಟನ್‌ಗೆ ಬಿಡಿ. ಅದು ನೀರಿನ ಮಟ್ಟಕ್ಕಿಂತ ಹೆಚ್ಚೇನೂ ಮೇಲಿಲ್ಲದ ಹವಳದ ದ್ವೀಪ, ದೂರದಿಂದ ಕಾಣೋದೇ ಇಲ್ಲ. ಅದರ ಹಾರ್ಸ್‌ಶೂ ರೀಫ್ ಬಹಳ ಹಡಗುಗಳನ್ನು ನುಂಗಿದೆ.

ನಿಮ್ಮ ಪತ್ನಿಗೆ ಮೊದಲ ಪಾಠ ಊರಿನ ಈಜುಕೊಳದಲ್ಲಿ ಆಗಲಿ. ಮಾಸ್ಕ್ ಕೊಳ್ಳುವಾಗ ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರು ಎಳೆದುಕೊಂಡು ಕೈ ಬಿಡಲು ಹೇಳಿ. ಬೀಳದೆ ಅಂಟಿಕೊಂಡು ನಿಂತರೆ ಅದು ಅವರ ಮಾಸ್ಕ್. ಕನ್ನಡಕ ಹಾಕುವವರಿಗೆ ಪವರ್ ಇರುವ ಗಾಜಿನ ಮಾಸ್ಕ್ ಸಿಗುತ್ತದೆ. ಯಾಟ್‌ನಲ್ಲಿ ಮೊದಲ ಸಲ ಇಳಿಯುವಾಗ ಸ್ನಾರ್ಕೆಲ್ ವೆಸ್ಟ್ ಹಾಕಿ, ಮರಳಿನ ಮೇಲೆ ಕಾಲು ಊರುವಷ್ಟು ಆಳದಲ್ಲಿ, ಪಕ್ಕದಲ್ಲಿ ಒಬ್ಬರು ಕೈ ಹಿಡಿದುಕೊಂಡು. ಆಳದ ನೀರಿಗೆ ಅವಸರ ಮಾಡಬೇಡಿ. ಅವರಿಗೆ ಭಯ ಹೋದ ದಿನವೇ ಇಡೀ ಕುಟುಂಬಕ್ಕೆ ರಜೆ ಶುರು. 9 ವರ್ಷದ ಮಗುವಿಗೆ ಸಮುದ್ರದಲ್ಲಿ ಸ್ಕೂಬಾ ಇನ್ನೂ ಬೇಡ, ಜೂನಿಯರ್ ಓಪನ್ ವಾಟರ್‌ಗೆ 10 ತುಂಬಬೇಕು. ದೊಡ್ಡ ಮಗು ಬೇಕಿದ್ದರೆ ಪಾಠ ಮತ್ತು ಈಜುಕೊಳದ ಭಾಗವನ್ನು ನ್ಯೂಜೆರ್ಸಿಯಲ್ಲೇ ಮುಗಿಸಿ, ಸಮುದ್ರದ ನಾಲ್ಕು ಡೈವ್‌ಗಳನ್ನು ಅಲ್ಲಿ ಮಾಡಬಹುದು.

ಊಟಕ್ಕೆ ಹೆದರಬೇಡಿ. ಅಡುಗೆಯವರೂ ಇರುವ ದೋಣಿ ತೆಗೆದುಕೊಂಡರೆ ಮೊದಲೇ ಒಂದು ಫಾರ್ಮ್ ಕಳಿಸುತ್ತಾರೆ. ಅದರಲ್ಲಿ ಸುಮ್ನೆ "ವೆಜಿಟೇರಿಯನ್" ಅಂತ ಬರೆದು ಬಿಡಬೇಡಿ. ಮೀನು ಬೇಡ, ಕೋಳಿ ಸ್ಟಾಕ್ ಬೇಡ, ಮೊಟ್ಟೆ ನಡೆಯುತ್ತೋ ಇಲ್ಲವೋ, ಎಲ್ಲಾ ಬಿಡಿಸಿ ಬರೆಯಿರಿ. ನೀವೇ ಅಡುಗೆ ಮಾಡುವುದಾದರೆ ಸಾರಿನ ಪುಡಿ, ಅವಲಕ್ಕಿ, ರವೆ ಮನೆಯಿಂದ ತಗೊಂಡು ಹೋಗಿ. ಅಕ್ಕಿ, ಬೇಳೆ, ತರಕಾರಿ ಟೋರ್ಟೋಲಾದಲ್ಲಿ ಸಿಗುತ್ತದೆ. ಒಂದೇ ಪಾತ್ರೆಯಲ್ಲಿ ಆಗುವ ಅಡುಗೆ ಇಟ್ಟುಕೊಳ್ಳಿ. ಯಾಟ್‌ನ ಟ್ಯಾಂಕಿನಲ್ಲಿ ಸಿಹಿನೀರು ಲೆಕ್ಕದ್ದು, ಪಾತ್ರೆ ತೊಳೆದೇ ಖಾಲಿಯಾಗುತ್ತದೆ.

ಕೊನೆಗೆ ವೀಸಾ, ಇದನ್ನು ಟಿಕೆಟ್‌ಗಿಂತ ಮೊದಲೇ ನೋಡಿಕೊಳ್ಳಿ. ಬ್ರಿಟಿಷ್ ವರ್ಜಿನ್ ದ್ವೀಪಗಳು ಅಮೆರಿಕ ಅಲ್ಲ. ಅಮೆರಿಕಕ್ಕೇ ಸೇರಿದ ಪಕ್ಕದ ದ್ವೀಪ ಸೇಂಟ್ ಥಾಮಸ್‌ವರೆಗೆ ವಿಮಾನದಲ್ಲಿ ಬಂದು ಫೆರ್ರಿ ಹತ್ತಿದರೂ ನೀವು ಅಮೆರಿಕ ಬಿಟ್ಟು ಹೊರಗೆ ಹೋದ ಹಾಗೆ. ಎಚ್-1ಬಿ ಕೆಲಸದ ವೀಸಾ ಮೇಲೆ ಇರುವವರ ಪಾಸ್‌ಪೋರ್ಟ್‌ನಲ್ಲಿ ವೀಸಾ ಸ್ಟ್ಯಾಂಪ್ ಅವಧಿ ಮುಗಿದಿದ್ದರೆ ವಾಪಸ್ ಬರಲು ಹೊಸ ಸ್ಟ್ಯಾಂಪ್ ಬೇಕು. ಕೆನಡಾ, ಮೆಕ್ಸಿಕೋಗೆ ಸಣ್ಣ ಪ್ರವಾಸಕ್ಕಿರುವ ರಿಯಾಯಿತಿ ಈ ದ್ವೀಪಗಳಿಗೆ ಎಚ್-1ಬಿಯವರಿಗೆ ಅನ್ವಯಿಸಲ್ಲ. ಅಂಥ ತೊಡಕು ಇದ್ದರೆ ಗಡಿ ದಾಟದೆ ಅಮೆರಿಕದ ವರ್ಜಿನ್ ದ್ವೀಪಗಳಲ್ಲೇ ಸುತ್ತಿ. ಸೇಂಟ್ ಜಾನ್ ದ್ವೀಪದ ಬಹುಭಾಗ ರಾಷ್ಟ್ರೀಯ ಉದ್ಯಾನ. ಅಲ್ಲಿನ ಟ್ರಂಕ್ ಬೇಯಲ್ಲಿ ನೀರಿನಡಿ ಫಲಕಗಳನ್ನು ಓದುತ್ತಾ ಹೋಗುವ ಸ್ನಾರ್ಕೆಲ್ ದಾರಿ ಇದೆ. ನಿಮ್ಮ ಮಕ್ಕಳಿಗೆ ಹೇಳಿ ಮಾಡಿಸಿದ ಹಾಗಿದೆ.

ಪ್ರಶ್ನೆ: ನಾನು ಬೆಂಗಳೂರಿನವಳು. ಅಡ್ವಾನ್ಸ್‌ಡ್ ಡೈವರ್. ಕೆರಿಬಿಯನ್‌ಗೆ ಹೋದರೆ ದಿನಕ್ಕೆ ಮೂರು ನಾಲ್ಕು ಡೈವ್ ಮಾಡಬೇಕು ಅನ್ನೋ ಆಸೆ. ಗೆಳತಿಯರ ಜೊತೆ ಯಾಟ್ ತಗೊಳ್ಳೋದು ಸರಿನಾ?

ಉತ್ತರ: ನಿಮಗೆ ಯಾಟ್ ಬೇಡ. ಯಾಟ್‌ನಲ್ಲಿ ದಿನದ ಅರ್ಧ ಪ್ರಯಾಣ, ಮೂರಿಂಗ್, ಊಟದಲ್ಲೇ ಹೋಗುತ್ತದೆ. ದಿನಕ್ಕೆ ಎರಡು ಡೈವ್ ಆದರೆ ಹೆಚ್ಚು. ಬೊನೇರ್‌ಗೆ ಹೋಗಿ. ವೆನೆಜುವೆಲಾ ಕರಾವಳಿಗೆ ಹತ್ತಿರದ ಡಚ್ ದ್ವೀಪ ಅದು. ಸುತ್ತಲಿನ ಸಮುದ್ರವನ್ನು 1979ರಲ್ಲೇ ಸಾಗರ ಉದ್ಯಾನ ಮಾಡಿದ್ದಾರೆ. ರಸ್ತೆ ಬದಿಯ ಹಳದಿ ಬಣ್ಣದ ಕಲ್ಲಿನ ಮೇಲೆ ಡೈವ್ ಜಾಗದ ಹೆಸರು ಬರೆದಿರುತ್ತದೆ. ಪಿಕಪ್ ಗಾಡಿಯಲ್ಲಿ ಸಿಲಿಂಡರ್ ಹಾಕಿಕೊಂಡು ಹೋಗಿ ದಡದಿಂದಲೇ ನಡೆದುಕೊಂಡು ಇಳಿಯಬಹುದು. ಚಂಡಮಾರುತದ ಸಾಮಾನ್ಯ ಹಾದಿಗಿಂತ ಕೆಳಗಿರುವುದರಿಂದ ವರ್ಷದ ಹೆಚ್ಚಿನ ಸಮಯ ಅನುಕೂಲ. ಉದ್ಯಾನದ ಶುಲ್ಕ ಮೊದಲೇ ಕಟ್ಟಿರಬೇಕು.

ಪ್ರಶ್ನೆ: ನೇತ್ರಾಣಿಯಲ್ಲಿ ಬಳಸಿದ ನನ್ನದೇ ಮಾಸ್ಕ್, ಫಿನ್, ವೆಟ್‌ಸೂಟ್ ತಗೊಂಡು ಹೋಗಬಹುದಾ? ಸನ್‌ಸ್ಕ್ರೀನ್ ಬಗ್ಗೆ ಏನೋ ನಿಯಮ ಇದೆಯಂತೆ. ವಾಪಸ್ ವಿಮಾನ ಹತ್ತುವ ಮೊದಲು ಕೊನೆಯ ಡೈವ್ ಯಾವಾಗ ಮಾಡಬೇಕು?

ಉತ್ತರ: ಧಾರಾಳವಾಗಿ ತಗೊಂಡು ಹೋಗಿ, ಆದರೆ ಚೆನ್ನಾಗಿ ತೊಳೆದು ಪೂರ್ತಿ ಒಣಗಿಸಿ. 2014ರಲ್ಲಿ ಫ್ಲೋರಿಡಾದಲ್ಲಿ ಕಂಡ ಒಂದು ಹವಳದ ರೋಗ ಈಗ ಕೆರಿಬಿಯನ್‌ನ ಬಹಳ ಕಡೆ ಹರಡಿದೆ. ನೂರಾರು ವರ್ಷದ ಹವಳ ಕೆಲವೇ ವಾರ, ತಿಂಗಳಲ್ಲಿ ಬೆಳ್ಳಗೆ ಸುಲಿದು ಸಾಯುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವಾಗ ಸಲಕರಣೆಗೆ ಸೋಂಕು ನಿವಾರಕ ಹಾಕಿ ತೊಳೆಯಿರಿ, ಡೈವ್ ಅಂಗಡಿಯವರು ಅದಕ್ಕೆ ತೊಟ್ಟಿ ಇಟ್ಟಿರುತ್ತಾರೆ. ಸನ್‌ಸ್ಕ್ರೀನ್ ವಿಷಯದಲ್ಲಿ ಅಮೆರಿಕದ ವರ್ಜಿನ್ ದ್ವೀಪಗಳು 2020ರಿಂದ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್, ಆಕ್ಟೋಕ್ರಿಲೀನ್ ಇರುವುದನ್ನು ನಿಷೇಧಿಸಿವೆ. ಜಿಂಕ್ ಆಕ್ಸೈಡ್‌ನದ್ದು ತಗೊಳ್ಳಿ. ಅದಕ್ಕಿಂತ ನೀರಿನಲ್ಲಿ ಹಾಕುವ ಉದ್ದ ತೋಳಿನ ಮೈಗಂಟುವ ಅಂಗಿ, ಅಂದರೆ ರ‍್ಯಾಶ್‌ಗಾರ್ಡ್ ಹಾಕಿಕೊಳ್ಳಿ, ಬೆನ್ನು ಸುಡಲ್ಲ, ನೀರಿಗೂ ಏನೂ ಸೇರಲ್ಲ.

ಹಲವು ದಿನ ಡೈವ್ ಮಾಡಿದ ಮೇಲೆ ವಿಮಾನ ಹತ್ತುವ ಮೊದಲು ಕನಿಷ್ಠ 18 ಗಂಟೆ ಬಿಡಬೇಕು. ನಾನು ಪೂರ್ತಿ ಒಂದು ದಿನ ಬಿಡಿ ಅಂತೀನಿ. ದೋಣಿ ವಾಪಸ್ ಕೊಡುವ ಹಿಂದಿನ ದಿನವನ್ನು ಸ್ನಾರ್ಕೆಲಿಂಗ್‌ಗೆ ಇಟ್ಟುಕೊಂಡರೆ ಲೆಕ್ಕ ತಾನಾಗೇ ಸರಿಹೋಗುತ್ತದೆ. ಇನ್ಶೂರೆನ್ಸ್ ಮಾಡಿಸುವಾಗ ಸ್ಕೂಬಾ ಸೇರಿದೆಯಾ ಅಂತ ಓದಿ ನೋಡಿ, ಸಾಮಾನ್ಯ ಪ್ರವಾಸ ವಿಮೆಯಲ್ಲಿ ಎಷ್ಟೋ ಸಲ ಅದನ್ನು ಬಿಟ್ಟಿರುತ್ತಾರೆ. ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನಂಥ ಸಂಸ್ಥೆಗಳು ಡೈವರ್‌ಗಳಿಗೇ ಬೇರೆ ವಿಮೆ ಕೊಡುತ್ತವೆ. ಡೈವ್ ಅಂಗಡಿಗೆ ಮೊದಲ ಫೋನ್ ಮಾಡಿದಾಗಲೇ, ಡೈವಿಂಗ್‌ನಿಂದ ತೊಂದರೆಯಾದವರನ್ನು ಗಾಳಿಯ ಒತ್ತಡದಲ್ಲಿಟ್ಟು ಚಿಕಿತ್ಸೆ ಕೊಡುವ ಹತ್ತಿರದ ರೀಕಂಪ್ರೆಷನ್ ಚೇಂಬರ್ ಎಲ್ಲಿದೆ, ಅಲ್ಲಿಗೆ ಹೇಗೆ ಸಾಗಿಸುತ್ತೀರಿ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಸರಿಯಾದ ಉತ್ತರ ಕೊಡದ ಅಂಗಡಿಯ ಜೊತೆ ಡೈವ್ ಮಾಡಬೇಡಿ.