ಉಂಡ ಮನೆಯ ಜಂತೆ, ಬಾರದ ಸಂಬಳ

ಕೊಡಗಿನ ಸಿದ್ದಾಪುರದ ಓದುಗರೊಬ್ಬರು ಬರೆದ ಎರಡು ಪುಟದ ಪತ್ರದ ಸಾರ ಇಷ್ಟು: ‘ತಂಡ ಬಿಟ್ಟ ಮೇಲೆ ಆ ತಂಡವನ್ನೇ ಬೈಯುವ ಫುಟ್‌ಬಾಲ್ ಆಟಗಾರರ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಓದಿದರೆ ಅವರ ವಕೀಲರು ಬರೆದಂತಿತ್ತು. ಉಂಡ ಮನೆಯ ಜಂತೆ ಎಣಿಸುವವರಿಗೆ ಪತ್ರಿಕೆ ಯಾಕೆ ಜಾಗ ಕೊಡಬೇಕು? ಹಾಕಿ ಆಡಿದ ಹಿರಿಯರು ಯಾರಾದರೂ ಹೀಗೆ ಮಾಡಿದ್ದಾರಾ? ಇನ್ನೊಂದು ಮಾತು. ನನ್ನ ಅಣ್ಣನ ಮಗ ಬೆಂಗಳೂರಿನ ಕ್ಲಬ್ಬೊಂದಕ್ಕೆ ಆಡುತ್ತಿದ್ದಾನೆ. ಮೂರು ತಿಂಗಳ ಸಂಬಳ ಬಾಕಿ ಇಟ್ಟುಕೊಂಡು, ಬಿಡುಗಡೆ ಪತ್ರಕ್ಕೆ ಸಹಿ ಹಾಕು ಎನ್ನುತ್ತಿದ್ದಾರೆ. ಹುಡುಗ ಸಿಟ್ಟಿನಲ್ಲಿ ವಿಡಿಯೊ ಮಾಡಿ ಇಟ್ಟುಕೊಂಡಿದ್ದಾನೆ. ಹಾಕು ಅನ್ನಲೋ ಬೇಡ ಅನ್ನಲೋ?’ ಹೆಸರು ಹಾಕುವುದು ಬೇಡ ಎಂದಿದ್ದಾರೆ.

ಮಾನ್ಯರೇ,

ನಿಮ್ಮ ಪತ್ರದ ಮೊದಲ ಪುಟದಲ್ಲಿ ಬಾಯಿ ಬಿಟ್ಟವರೆಲ್ಲ ಕೃತಘ್ನರು. ಪುಟ ತಿರುಗಿಸಿದರೆ ಅಣ್ಣನ ಮಗ. ಅಲ್ಲಿಗೆ ಬಂದಾಗ ನಿಮ್ಮ ಕೈ ಸ್ವಲ್ಪ ಸಡಿಲವಾಗಿದೆ. ತಪ್ಪೇನಿಲ್ಲ. ಮನೆಯ ಹುಡುಗನ ವಿಷಯ ಬಂದಾಗಲೇ ಗಾದೆ ಎಲ್ಲಿಯವರೆಗೆ ಹೊಂದುತ್ತದೆ ಅನ್ನುವುದು ಗೊತ್ತಾಗುವುದು.

ಆ ಗಾದೆ ಕೊಡಗಿನಲ್ಲಿ ಬಲವಾಗಿ ನಿಲ್ಲಲು ಕಾರಣವಿದೆ. ಕರಡ ಎಂಬ ಊರಿನಲ್ಲಿ 1997ರಲ್ಲಿ 60 ಕುಟುಂಬಗಳೊಂದಿಗೆ ಶುರುವಾದ ಕೊಡವ ಕೌಟುಂಬಿಕ ಹಾಕಿಯಲ್ಲಿ 2024ರ ಹೊತ್ತಿಗೆ 360 ತಂಡಗಳಿದ್ದವು. ಅಲ್ಲಿ ಜೆರ್ಸಿಯ ಮೇಲಿರುವುದು ಒಕ್ಕದ, ಅಂದರೆ ಮನೆತನದ ಹೆಸರು. ಆ ತಂಡಕ್ಕೆ ಯಾರೂ ಯಾರನ್ನೂ ಕೊಂಡು ತಂದಿಲ್ಲ, ಬಿಡುಗಡೆ ಮಾಡುವಂತೆಯೂ ಇಲ್ಲ. ‘ಮಾಜಿ ತಂಡ’ ಎಂಬ ಮಾತೇ ಅಲ್ಲಿ ಹುಟ್ಟುವುದಿಲ್ಲ. ಐನ್‌ಮನೆಯ, ಅಂದರೆ ಮನೆತನದ ಮೂಲ ಮನೆಯ ಜಗಳ ಐನ್‌ಮನೆಯಲ್ಲೇ ಮುಗಿಯಬೇಕು ಅನ್ನುವುದು ಆ ತಂಡಕ್ಕೆ ಸರಿ. ಕ್ಲಬ್ಬು ಹಾಗಲ್ಲ. ಅದು ಕಾಗದದ ಮೇಲೆ ಕೂಡಿಕೊಂಡ ಸಂಬಂಧ, ಮುಗಿಯುವ ತಾರೀಕೂ ಅದರಲ್ಲೇ ಬರೆದಿರುತ್ತದೆ. ಊಟ ಹಾಕಿದ ಮನೆಯೂ ಅಲ್ಲ: ಹುಡುಗ ಕಾಲು ಸವೆಸಿದ್ದಾನೆ, ಅದಕ್ಕೆ ಕೂಲಿ. ತೋಟದಲ್ಲಿ ಕೊಯ್ಲು ಮುಗಿಸಿದವರು ಬಾಕಿ ಕೂಲಿ ಕೇಳಿದರೆ ನಾವು ಯಾರೂ ಜಂತೆ ಎಣಿಸಿದರು ಅನ್ನುವುದಿಲ್ಲವಲ್ಲ.

ಹಾಕಿಯ ಹಿರಿಯರ ಮಾತಿಗೆ ಬಂದರೆ, 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟ ನೆನಪಿಸಿಕೊಳ್ಳಿ. ಭಾರತಕ್ಕೆ 32 ವರ್ಷಗಳ ನಂತರ ಚಿನ್ನ ಬಂತು. ನಾಯಕ ಧನರಾಜ್ ಪಿಳ್ಳೈ ಆಟಗಾರರಿಗೆ ಸಿಗಬೇಕಾದ ಹಣದ ಬಗ್ಗೆ ದನಿ ಎತ್ತಿದ್ದರು. ಗೆದ್ದು ಬಂದ ಮೇಲೆ ಅವರನ್ನೂ ಇನ್ನು ಕೆಲವು ಹಿರಿಯರನ್ನೂ ತಂಡದಿಂದ ಕೈಬಿಟ್ಟರು, ಕೊಟ್ಟ ಕಾರಣ ‘ವಿಶ್ರಾಂತಿ’. ಹಿರಿಯರು ಮಾತಾಡಲಿಲ್ಲ ಅನ್ನುವುದಕ್ಕಿಂತ, ಮಾತಾಡಿದವರು ಬೆಲೆ ತೆತ್ತರು ಅನ್ನುವುದೇ ಹತ್ತಿರದ ಮಾತು.

ಆದರೂ ನಿಮ್ಮ ಸಿಟ್ಟಿನಲ್ಲಿ ಅರ್ಧ ನ್ಯಾಯವಿದೆ. ಬೈದವರೆಲ್ಲರೂ ಒಂದೇ ಅಲ್ಲ. ಯಾವ ಮಾತನ್ನು ಅಚ್ಚು ಹಾಕಬೇಕು, ಯಾವುದನ್ನು ಬಿಡಬೇಕು ಎಂದು ತೂಗುವಾಗ ನಾವು ಮೊದಲು ನೋಡುವುದು ಒಂದೇ: ಹೇಳಿದ್ದನ್ನು ಮೂರನೆಯವನು ಹೋಗಿ ಪರೀಕ್ಷಿಸಬಹುದೇ? ರೊನಾಲ್ಡೊ 2022ರ ನವೆಂಬರಿನಲ್ಲಿ ಟಿ.ವಿ. ನಿರೂಪಕ ಪಿಯರ್ಸ್ ಮಾರ್ಗನ್‌ಗೆ ಕೊಟ್ಟ ಸಂದರ್ಶನ ತೆಗೆದುಕೊಳ್ಳಿ. ಆಗಿನ್ನೂ ಅವರು ಮ್ಯಾಂಚೆಸ್ಟರ್ ಯುನೈಟೆಡ್‌ನ ಆಟಗಾರ. ಹಳೆಯ ಕೋಚ್ ಫರ್ಗುಸನ್ ಹೋದ ಮೇಲೆ ಈಜುಕೊಳ, ಜಿಮ್ ಯಾವುದೂ ಬದಲಾಗಿಲ್ಲ ಎಂದರು. ಅದು ನೋಡಿ ತಿಳಿಯಬಹುದಾದ ಸಂಗತಿ, ಕ್ಲಬ್ಬು ಉತ್ತರ ಕೊಡಲೇಬೇಕಾದದ್ದು. ತನಗೆ ದ್ರೋಹವಾಯಿತು, ಕೋಚ್ ಮೇಲೆ ಗೌರವವಿಲ್ಲ ಎಂದದ್ದು ಬೇರೆ ಜಾತಿಯ ಮಾತು. ಅದನ್ನು ಅಳೆಯಲು ಕೋಲಿಲ್ಲ. ಪತ್ರಿಕೆಗಳು ದಪ್ಪಕ್ಷರದಲ್ಲಿ ಹಾಕಿದ್ದು ಎರಡನೆಯದನ್ನೇ. ಈಜುಕೊಳದ ಮಾತು ಒಳಪುಟಕ್ಕೆ ಸರಿಯಿತು. ಸಂದರ್ಶನ ಪ್ರಸಾರವಾದ ವಾರದೊಳಗೆ, ನವೆಂಬರ್ 22ಕ್ಕೆ, ಪರಸ್ಪರ ಒಪ್ಪಿಗೆಯಿಂದ ಒಪ್ಪಂದ ಮುಗಿಯಿತು. ಹೊರಹೋಗುವುದೇ ಉದ್ದೇಶವಾಗಿದ್ದವರಿಗೆ ಅದು ನಷ್ಟವಲ್ಲ. ಇಪ್ಪತ್ತೆರಡು ವರ್ಷದ ಹುಡುಗ ಅದನ್ನು ನೋಡಿ ಕಲಿಯುವಂತಿಲ್ಲ ಅಷ್ಟೆ.

ಬೆಲ್ಜಿಯಂನ ಆಟಗಾರ ಲುಕಾಕು ಪ್ರಕರಣ ಇನ್ನೂ ವಿಚಿತ್ರ. ಅವರು ಹಳೆಯ ತಂಡ ಇಂಟರ್ ಮಿಲಾನನ್ನು ಬೈಯಲಿಲ್ಲ, ಹೊಗಳಿದರು. ಇಂಗ್ಲೆಂಡಿನ ಚೆಲ್ಸಿ ಕ್ಲಬ್ಬಿನಲ್ಲಿದ್ದುಕೊಂಡು ಹೊಗಳಿದ್ದರಿಂದ ಅದು ಚೆಲ್ಸಿಯ ಮೇಲಿನ ದೂರಾಯಿತು. ಸಂದರ್ಶನ ರೆಕಾರ್ಡ್ ಆಗಿದ್ದು ಯಾವಾಗಲೋ, ಪ್ರಸಾರವಾಗಿದ್ದು 2021ರ ಡಿಸೆಂಬರ್ ಕೊನೆಗೆ, ಲಿವರ್‌ಪೂಲ್ ಪಂದ್ಯದ ಹೊಸ್ತಿಲಲ್ಲಿ. ಆ ಪಂದ್ಯಕ್ಕೆ ಅವರನ್ನು ತಂಡದಿಂದ ಹೊರಗಿಟ್ಟರು, ಆಮೇಲೆ ಕ್ಷಮೆ ಕೇಳಿದ್ದೂ ಆಯಿತು. ಕ್ಯಾಮೆರಾ ಮುಂದೆ ಕೂರುವ ಮೊದಲು ಇದು ಯಾವ ದಿನ ಹೊರಗೆ ಬರುತ್ತದೆ ಎಂದು ಕೇಳದವರಿಗೆ ಆಗುವುದು ಹೀಗೆ.

ಚೆನ್ನಾಗಿ ಕಟ್ಟಿದ ಹೇಳಿಕೆ ಬೇಕೆಂದರೆ ಒಜಿಲ್ ಅವರದು ನೋಡಬಹುದು. 2018ರ ಜುಲೈ 22ರಂದು ಜರ್ಮನಿ ತಂಡ ಬಿಟ್ಟಾಗ ಅವರು ಯಾವ ಟಿ.ವಿ.ಗೂ ಹೋಗಲಿಲ್ಲ. ಮೂರು ಭಾಗವಾಗಿ ಬರೆದು ಹಾಕಿದರು. ಟರ್ಕಿಯ ಅಧ್ಯಕ್ಷರ ಜೊತೆ ತೆಗೆಸಿಕೊಂಡು ವಿವಾದ ಎಬ್ಬಿಸಿದ ಫೋಟೊದ ಬಗ್ಗೆ ಒಂದು ಭಾಗ, ಮಾಧ್ಯಮ ಮತ್ತು ಪ್ರಾಯೋಜಕರ ಬಗ್ಗೆ ಇನ್ನೊಂದು, ಫುಟ್‌ಬಾಲ್ ಸಂಸ್ಥೆಯ ಬಗ್ಗೆ ಕೊನೆಯದು. ಒಪ್ಪಿ, ಬಿಡಿ, ಯಾವ ಆರೋಪ ಯಾರ ಮೇಲೆ ಎಂಬುದರಲ್ಲಿ ಗೊಂದಲವಿಲ್ಲ. ತಪ್ಪು ಉಲ್ಲೇಖಕ್ಕೂ ಎಡೆಯಿಲ್ಲ.

ನಮ್ಮ ಗಡಿಯಾಚೆಗೇ ಬಂದರೆ ಸಂದೇಶ್ ಝಿಂಗನ್. ಕೇರಳ ಬ್ಲಾಸ್ಟರ್ಸ್‌ನಲ್ಲಿ 2014ರಿಂದ ಆರು ವರ್ಷ ಇದ್ದವರು. ಹೊರಟಾಗ ಕ್ಲಬ್ಬು ಅವರ 21ನೇ ನಂಬರಿನ ಜೆರ್ಸಿಯನ್ನೇ ನಿವೃತ್ತಿಗೊಳಿಸಿತ್ತು. 2022ರ ಫೆಬ್ರುವರಿಯಲ್ಲಿ ಮೋಹನ್ ಬಾಗಾನ್ ಪರ ಆಡಿ ಅದೇ ಬ್ಲಾಸ್ಟರ್ಸ್ ಜೊತೆ 2-2 ಡ್ರಾ ಆದ ಮೇಲೆ, ಹೆಂಗಸರ ಜೊತೆ ಆಡಿ ಬಂದೆವು ಎಂಬರ್ಥದ ಮಾತೊಂದು ಬಾಯಿಂದ ಬಿತ್ತು. ಕ್ಯಾಮೆರಾ ಹಿಡಿಯಿತು. ಕ್ಷಮೆ ಕೇಳಿದರು, ಆದರೆ ಆರು ವರ್ಷದ ಅಭಿಮಾನ ಅಷ್ಟರಲ್ಲಿ ಸೋರಿಹೋಗಿತ್ತು. ವಿರಾಜಪೇಟೆ, ಸಿದ್ದಾಪುರದಲ್ಲಿ ಬ್ಲಾಸ್ಟರ್ಸ್‌ನ ಹಳದಿ ಅಂಗಿ ತೊಡುವ ಅಭಿಮಾನಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇದರಲ್ಲಿ ದೂರು ಅನ್ನುವುದೇ ಇಲ್ಲ, ಬರೀ ಹೀಯಾಳಿಕೆ. ಇಂಥದ್ದಕ್ಕೆ ನಿಮ್ಮ ಗಾದೆ ಸರಿಯಾಗಿ ಹೊಂದುತ್ತದೆ.

ಇನ್ನು ನಿಮ್ಮ ಹುಡುಗ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇವೆ, ಏಕೆಂದರೆ ಸುಂಟಿಕೊಪ್ಪ, ಅಮ್ಮತ್ತಿ, ಸಿದ್ದಾಪುರದ ಮೈದಾನಗಳಿಂದ ಬೆಂಗಳೂರಿಗೆ ಹೋಗುವ ಬೇರೆ ಹುಡುಗರಿಗೂ ಬೇಕಾದೀತು.

ಮೊದಲು ಕೇಳಬೇಕಾದ್ದು: ಲಿಖಿತ ಒಪ್ಪಂದ ಇದೆಯೇ, ಅದರ ಪ್ರತಿ ಅವನ ಕೈಯಲ್ಲಿದೆಯೇ? ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ನಿಯಮದ ಪ್ರಕಾರ ವೃತ್ತಿಪರ ಆಟಗಾರ ಎಂದರೆ ಲಿಖಿತ ಒಪ್ಪಂದವಿದ್ದು, ಖರ್ಚಿಗಿಂತ ಹೆಚ್ಚು ಹಣ ಪಡೆಯುವವನು. ಮಿಕ್ಕವರೆಲ್ಲ ಅಮೆಚೂರ್, ಅಂದರೆ ಹವ್ಯಾಸಿಗಳು. ಬಾಯಿಮಾತಿನಲ್ಲಿ ‘ತಿಂಗಳಿಗೆ ಇಷ್ಟು’ ಎಂದು ಕರೆದುಕೊಂಡು ಹೋಗಿದ್ದರೆ ಕೇಸು ಅಲ್ಲೇ ಕುಂಟುತ್ತದೆ. ಎಷ್ಟೋ ಹುಡುಗರು ಸಹಿ ಹಾಕಿ ಪ್ರತಿ ತೆಗೆದುಕೊಳ್ಳದೆ ಬಂದುಬಿಡುತ್ತಾರೆ. ಹಾಗಾಗಿದ್ದರೆ ಇವತ್ತೇ ಕ್ಲಬ್ಬಿಗೆ ಇಮೇಲ್ ಬರೆದು ಪ್ರತಿ ಕೇಳಲಿ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಆಟಗಾರರ ಕೇಂದ್ರ ನೋಂದಣಿ ವ್ಯವಸ್ಥೆಯಾದ ಸಿಆರ್‌ಎಸ್‌ನಲ್ಲಿ ಅವನ ಹೆಸರಿನ ಎದುರು ಏನಿದೆ ಎಂದೂ ನೋಡಿಸಲಿ.

ಒಪ್ಪಂದ ಕೈಗೆ ಬಂದರೆ ಸಂಬಳದ ಸಾಲು ಬಿಟ್ಟು ಇನ್ನೆರಡು ಜಾಗ ಓದಿ. ಒಂದು, ಕಾನ್ಫಿಡೆನ್ಷಿಯಾಲಿಟಿ, ಅಂದರೆ ಒಳಗಿನ ವಿಷಯ ಹೊರಗೆ ಹೇಳುವುದಿಲ್ಲ ಎಂಬ ಷರತ್ತು. ಇನ್ನೊಂದು, ನಾನ್ ಡಿಸ್‌ಪ್ಯಾರೇಜ್‌ಮೆಂಟ್, ಅಂದರೆ ಕ್ಲಬ್ಬಿಗೆ ಕೆಟ್ಟ ಹೆಸರು ಬರುವ ಮಾತಾಡುವುದಿಲ್ಲ ಎಂಬ ಷರತ್ತು. ಅದು ಒಪ್ಪಂದ ಮುಗಿದ ಮೇಲೂ ನಡೆಯುತ್ತದೆಯೇ, ಎಷ್ಟು ಕಾಲ? ಆಟಗಾರನ ಬಾಯಿಗೆ ಮಾತ್ರ ಬೀಗವೇ, ಕ್ಲಬ್ಬಿಗೂ ಇದೆಯೇ? ಪೊಲೀಸು, ಕೋರ್ಟು, ಫೆಡರೇಷನ್, ವೈದ್ಯರ ಮುಂದೆ ಹೇಳಲು ವಿನಾಯಿತಿ ಇದೆಯೇ? ಮೀರಿದರೆ ಇಷ್ಟು ಲಕ್ಷ ಎಂದು ಬರೆದಿದ್ದರೆ ಎದೆ ಒಡೆದುಕೊಳ್ಳಬೇಕಿಲ್ಲ. ಭಾರತೀಯ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅದು ಮೇಲ್ಮಿತಿ ಮಾತ್ರ. ಕೋರ್ಟು ಕೊಡಿಸುವುದು ನ್ಯಾಯವಾದ ಪರಿಹಾರವನ್ನು, ಬರೆದಷ್ಟನ್ನೂ ಅಲ್ಲ.

ಇವತ್ತು ನಿಜವಾದ ಅಪಾಯ ಇರುವುದು ವಿಡಿಯೊದಲ್ಲಲ್ಲ, ಆ ಬಿಡುಗಡೆ ಪತ್ರದಲ್ಲಿ. ಇಂಥ ಪತ್ರಗಳ ಕೊನೆಯಲ್ಲಿ ‘ಫುಲ್ ಅಂಡ್ ಫೈನಲ್ ಸೆಟ್ಲ್‌ಮೆಂಟ್, ಯಾವ ಬಾಕಿಯೂ ಇಲ್ಲ’ ಎಂಬ ಒಂದು ಸಾಲು ಮಲಗಿರುತ್ತದೆ. ಮುಂದಿನ ಕ್ಲಬ್ಬು ಕಾಯುತ್ತಿದೆ, ನೋಂದಣಿಯ ಕೊನೆಯ ದಿನ ಹತ್ತಿರ ಬಂತು ಎಂಬ ಗಡಿಬಿಡಿಯಲ್ಲಿ ಹುಡುಗರು ಸಹಿ ಒತ್ತುತ್ತಾರೆ, ಮೂರು ತಿಂಗಳ ಸಂಬಳ ಅಲ್ಲಿಗೆ ಮಣ್ಣು ಸೇರುತ್ತದೆ. ಆ ಸಾಲನ್ನು ತೆಗೆಸಬೇಕು, ಇಲ್ಲವೇ ಅದರ ಜಾಗದಲ್ಲಿ ಬಾಕಿ ಮೊತ್ತ, ಯಾವ ಯಾವ ತಿಂಗಳದ್ದು, ಯಾವ ತಾರೀಕಿನೊಳಗೆ ಯಾವ ಖಾತೆಗೆ ಎಂದು ಬರೆಸಬೇಕು. ‘ಸಹಿ ಹಾಕು, ಸೋಮವಾರ ಹಾಕ್ತೀವಿ’ ಎಂಬ ಫೋನ್ ಮಾತು ಲೆಕ್ಕಕ್ಕಿಲ್ಲ. ಮುಂದಿನ ದಿನಾಂಕದ ಚೆಕ್ಕಿಗಿಂತ ಬ್ಯಾಂಕಿಗೆ ಬಿದ್ದ ಹಣ ಮೇಲು.

ಒಪ್ಪಂದದ ಅವಧಿ ಇನ್ನೂ ಇದ್ದರೆ ಫಿಫಾದ 14ಬಿಸ್ ವಿಧಿಯ ಕ್ರಮ ಗೊತ್ತಿರಲಿ. ಕನಿಷ್ಠ ಎರಡು ತಿಂಗಳ ಸಂಬಳ ಹೊತ್ತಿಗೆ ಕೊಡದಿದ್ದರೆ ಆಟಗಾರ ನ್ಯಾಯವಾದ ಕಾರಣ ಕೊಟ್ಟು ಒಪ್ಪಂದ ಮುರಿಯಬಹುದು. ಆದರೆ ಮೊದಲು ಲಿಖಿತ ನೋಟಿಸ್ ಕೊಟ್ಟು ಕನಿಷ್ಠ 15 ದಿನ ಕಾಯಬೇಕು. ಹುಡುಗರು ಎಡವುವುದು ಈ ಹದಿನೈದು ದಿನದಲ್ಲೇ. ಬೇಸರವಾಗಿ ಬ್ಯಾಗು ಹಿಡಿದು ಊರಿಗೆ ಬಸ್ಸು ಹತ್ತುತ್ತಾರೆ, ಕ್ಲಬ್ಬು ‘ಅಭ್ಯಾಸಕ್ಕೆ ಬಾರದೆ ಓಡಿಹೋದ’ ಎಂದು ಬರೆದಿಡುತ್ತದೆ. ದಿನವೂ ಮೈದಾನಕ್ಕೆ ಹೋಗಲಿ. ಗೇಟಿನಲ್ಲಿ ತಡೆದರೆ ಅವತ್ತೇ ಇಮೇಲ್ ಮಾಡಲಿ: ಇಷ್ಟು ಗಂಟೆಗೆ ಬಂದೆ, ಒಳಗೆ ಬಿಡಲಿಲ್ಲ. ಅವಧಿ ಮುಗಿದೇ ಹೋಗಿದ್ದರೆ ಮುರಿಯುವ ಮಾತಿಲ್ಲ, ಬಾಕಿಯ ನೋಟಿಸ್ ಸಾಕು.

ಭಾರತದ ಕ್ಲಬ್ಬು, ಭಾರತದ ಆಟಗಾರ ಆದ್ದರಿಂದ ಇದು ಜ್ಯೂರಿಕ್‌ನ ಫಿಫಾ ಕಚೇರಿಗೆ ಹೋಗುವುದಿಲ್ಲ. ಅಖಿಲ ಭಾರತ ಫೆಡರೇಷನ್‌ನ ಪ್ಲೇಯರ್ಸ್ ಸ್ಟೇಟಸ್ ಕಮಿಟಿ ಇಂಥದ್ದನ್ನು ನೋಡುತ್ತದೆ. ಸ್ಥಳೀಯ ಲೀಗ್ ಆದರೆ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಗೂ ಒಂದು ಪ್ರತಿ ಹೋಗಲಿ. 2006ರಿಂದ ಆಟಗಾರರದ್ದೇ ಒಂದು ಸಂಘವೂ ಇದೆ, ಫುಟ್‌ಬಾಲ್ ಪ್ಲೇಯರ್ಸ್ ಅಸೋಸಿಯೇಷನ್ ಆಫ್ ಇಂಡಿಯಾ. ದೂರು ಬರೆಯುವ ಮೊದಲು ಅವರನ್ನು ಕೇಳುವುದು ಲೇಸು. ಕಾಗದದ ದಾರಿಗೆ ಎಷ್ಟು ಬಲವಿದೆ ಎಂದರೆ, ಹಿಂದೆ ಆಡಿ ಹೋದ ವಿದೇಶಿ ಆಟಗಾರರ ಬಾಕಿಗಾಗಿ 2021ರಲ್ಲಿ ಕೇರಳ ಬ್ಲಾಸ್ಟರ್ಸ್, ಈಸ್ಟ್ ಬೆಂಗಾಲ್ ಎರಡಕ್ಕೂ ಹೊಸ ಆಟಗಾರರನ್ನು ನೋಂದಾಯಿಸದಂತೆ ಫಿಫಾ ತಡೆ ಹಾಕಿತು. ಕ್ಲಬ್ಬಿನ ನಿದ್ದೆ ಕೆಡಿಸುವುದು ಹತ್ತು ಸಾವಿರ ಲೈಕ್ ಅಲ್ಲ, ನೋಂದಣಿಯ ತಡೆ.

ದಾಖಲೆಗಳಿಗೆ ಒಂದು ಫೈಲು ಮಾಡಿ. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಸಂಬಳ ಬಂದ ತಿಂಗಳುಗಳಿಗೂ ಬಾರದ ತಿಂಗಳುಗಳಿಗೂ ಗುರುತು ಹಾಕಿ. ತೆರಿಗೆ ಹಿಡಿದಿದ್ದರೆ ಆದಾಯ ತೆರಿಗೆ ಇಲಾಖೆಯ ಲೆಕ್ಕದ ಹಾಳೆ (26ಎಎಸ್) ತೆಗೆಸಿ. ಕ್ಲಬ್ಬು ತಾನೇ ಇಷ್ಟು ಕೊಟ್ಟೆ ಎಂದು ಸರ್ಕಾರಕ್ಕೆ ಹೇಳಿದ ಲೆಕ್ಕ ಅಲ್ಲಿರುತ್ತದೆ, ಕೆಲವೊಮ್ಮೆ ಅದು ನೀವು ಪಡೆದದ್ದಕ್ಕಿಂತ ಹೆಚ್ಚೂ ಇರುತ್ತದೆ. ವಾಟ್ಸ್‌ಆ್ಯಪ್ ಮಾತುಕತೆಯ ಸ್ಕ್ರೀನ್‌ಶಾಟ್ ಸಾಲದು. ಪೂರ್ತಿ ಚಾಟ್ ಎಕ್ಸ್‌ಪೋರ್ಟ್ ಮಾಡಿ, ಮೂಲ ಫೋನನ್ನು ಮಾರಬೇಡಿ. ಕೋರ್ಟಿಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನಂತೆ ಎಲೆಕ್ಟ್ರಾನಿಕ್ ದಾಖಲೆಗೆ ಕೊಡುವ ಪ್ರಮಾಣಪತ್ರ ಬೇಕು, ಫೋನಿಲ್ಲದೆ ಅದನ್ನು ಕೊಡುವುದು ಕಷ್ಟ. ಗಾಯದ ಮೇಲೆ ಚುಚ್ಚುಮದ್ದು ಕೊಟ್ಟು ಆಡಿಸಿದರು ಎಂಬ ದೂರೂ ಇದ್ದರೆ ಸ್ಕ್ಯಾನಿನ ಸಿ.ಡಿ., ಚೀಟಿ ಎಲ್ಲ ಕೇಳಿ ತೆಗೆದುಕೊಳ್ಳಿ. ಅವಿಲ್ಲದೆ ವೈದ್ಯರ ಹೆಸರು ಎತ್ತಲೇಬೇಡಿ.

ಈಗ ವಿಡಿಯೊ. ಬೇಡವೇ ಬೇಡ ಎನ್ನುವುದಿಲ್ಲ. ನೋಟಿಸಿನ ಗಡುವು ಮುಗಿದ ಮೇಲೆ, ಈಗ ಮಾಡಿಟ್ಟದ್ದನ್ನು ಅಳಿಸಿ ಹೊಸದು ಮಾಡಲಿ. ಎದುರಿಗೆ ಬರೆದ ಕಾಗದ ಇರಲಿ. ‘ಜನವರಿ, ಫೆಬ್ರುವರಿ, ಮಾರ್ಚ್ ಸಂಬಳ ಬಂದಿಲ್ಲ. ಇಂಥ ದಿನ ನೋಟಿಸ್ ಕೊಟ್ಟೆ. ಉತ್ತರ ಬಂದಿಲ್ಲ’ ಎಂದರೆ ಅದು ಸಂಗತಿ. ‘ಕಳ್ಳರು, ದುಡ್ಡು ನುಂಗಿದರು’ ಎಂದರೆ ಅಪರಾಧದ ಆರೋಪ, ರುಜುವಾತು ಮಾಡುವ ಹೊರೆ ಅವನ ತಲೆಗೆ ಬರುತ್ತದೆ. ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ನಿನ ಮಾನಹಾನಿಗೆ ಎರಡು ವರ್ಷದವರೆಗೆ ಸಾದಾ ಸಜೆ ಇದೆ. ಅಲ್ಲಿ ಹೇಳಿದ್ದು ನಿಜವಾದರೆ ಸಾಲದು, ಸಾರ್ವಜನಿಕ ಹಿತಕ್ಕಾಗಿ ಹೇಳಿದ್ದೂ ಆಗಿರಬೇಕು. ಕೊಡದೇ ಇರುವುದು ಕಾಣುತ್ತದೆ, ಯಾಕೆ ಕೊಡಲಿಲ್ಲ ಎಂಬುದು ಕಾಣುವುದಿಲ್ಲ. ಆ ‘ಯಾಕೆ’ಗೆ ಕೈ ಹಾಕುವುದು ಬೇಡ. ಜೊತೆ ಆಟಗಾರರ ಹೆಸರೂ ಬೇಡ. ಅವರಿಗೂ ಬಾಕಿ ಇರಬಹುದು, ಅವರು ಇನ್ನೂ ಅಲ್ಲೇ ಆಡಬೇಕು. ಕೋಚ್ ಆಡಿಸಲಿಲ್ಲ, ಬೆಂಚಿನಲ್ಲಿ ಕೂರಿಸಿದರು ಎಂಬ ಗೊಣಗಾಟ ಸೇರಿಸಿದರೆ ಸಂಬಳದ ದೂರು ಅದರಡಿ ಮುಚ್ಚಿಹೋಗುತ್ತದೆ. ಜನ ಈಜುಕೊಳ ಬಿಟ್ಟು ದ್ರೋಹದ ಮಾತನ್ನೇ ಹಿಡಿದುಕೊಂಡದ್ದು ಹಾಗೇ.

ಹಣ ಬಂದ ಮೇಲೂ ಆಡಬೇಕೆನಿಸಿದರೆ, ಬಿಡುಗಡೆ ಪತ್ರದಲ್ಲಿ ಬಾಯಿಬೀಗದ ಷರತ್ತಿಗೆ ಸಹಿ ಹಾಕಿದ್ದಾನೋ ಇಲ್ಲವೋ ನೋಡಿಕೊಳ್ಳಿ. ಹಾಕಿದ್ದರೆ ಸುಮ್ಮನಿರಬೇಕು. ಅದಕ್ಕೇ ಸಹಿಗೆ ಮುಂಚೆ ಆ ಷರತ್ತು ಇಬ್ಬರಿಗೂ ಅನ್ವಯಿಸುವಂತೆ ತಿದ್ದಿಸಬೇಕು. ಇಲ್ಲದಿದ್ದರೆ ‘ಶಿಸ್ತಿಲ್ಲದ ಹುಡುಗ’ ಎಂದು ಮುಂದಿನ ಕ್ಲಬ್ಬಿಗೆ ಅವರು ಹೇಳುತ್ತಿರುತ್ತಾರೆ, ಇವನು ಉತ್ತರಿಸುವಂತಿಲ್ಲ.

ನೋಟಿಸನ್ನು ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ ಕಳಿಸಿ, ಅಂಚೆ ರಸೀದಿಯನ್ನು ಆ ಫೈಲಿಗೇ ಅಂಟಿಸಿ. ಕರಡು ಬರೆದ ಮೇಲೆ ನಮಗೆ ಕಳಿಸಿದರೆ ಓದಿ ತಿದ್ದಿ ಕೊಡುತ್ತೇವೆ. ಬಿಡುಗಡೆ ಪತ್ರದ ಫೋಟೊವನ್ನೂ ಜೊತೆಗೆ ಇಡಿ, ಎರಡೂ ಬದಿಯದ್ದು.

— ಸಂಪಾದಕರು